ಗೊತ್ತಿಲ್ಲದ ಪದದ ಅರ್ಥವನ್ನು ಸಂದರ್ಭದಿಂದ ತಿಳಿಯುವ ಬಗೆ

ಬಯಲುಸೀಮೆಯ ಓದುಗರು ಮಲೆನಾಡಿನ ಕಥೆ, ಕಾದಂಬರಿಗಳನ್ನು ಕೈಗೆತ್ತಿಕೊಂಡಾಗ ಗೊತ್ತಿಲ್ಲದ ಪದಗಳು ಎದುರಾಗುವುದು ಸಹಜ. ಒಂದೊಂದಕ್ಕೂ ನಿಘಂಟು ತೆರೆದರೆ ಓದಿನ ಓಟ ತಪ್ಪುತ್ತದೆ. ಮೇಲಾಗಿ ಕಸುಬಿನ ಎಷ್ಟೋ ಮಾತುಗಳು ಸಾಮಾನ್ಯ ನಿಘಂಟುಗಳಲ್ಲಿ ಸಿಗುವುದೂ ಇಲ್ಲ. ಆದ್ದರಿಂದ ಮುಂದಿನ ಒಂದೆರಡು ವಾಕ್ಯಗಳನ್ನು ಓದಿ ಮುಗಿಸಿ, ಆಮೇಲೆ ಆ ಪದಕ್ಕೆ ಹಿಂದಿರುಗಬೇಕು.

ಅಡಿಕೆ ತೋಟದ ಈ ವಾಕ್ಯವನ್ನು ನೋಡಿ: “ಮಳೆ ಬಲಿಯುವ ಮೊದಲೇ ಕೊಟ್ಟೆ ಕಟ್ಟಿಸದಿದ್ದರೆ ಈ ವರ್ಷವೂ ಕೊಳೆಗೆ ಅರ್ಧ ಫಸಲು ಹೋದೀತೆಂದು ಹೆಗಡೆಯವರು ಕೊನೆಗೌಡನ ದಾರಿ ಕಾಯುತ್ತಿದ್ದರು.”

ಮೊದಲು ಕ್ರಿಯಾಪದವನ್ನು ಹಿಡಿಯಬೇಕು. ‘ಕಟ್ಟಿಸು’ ಎಂದಿರುವುದರಿಂದ ಕೊಟ್ಟೆ ಒಂದು ವಸ್ತು. ಮಳೆಗೆ ಮುಂಚೆ ಕಟ್ಟದಿದ್ದರೆ ಫಸಲು ಹಾಳಾಗುವುದರಿಂದ ಅದು ಮಳೆಯಿಂದ ಕಾಪಾಡುವ ಹೊದಿಕೆಯಿರಬೇಕು. ಕಥೆ ಮುಂದುವರಿಯಲು ಇಷ್ಟು ಸಾಕು. (ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬನ್ನು ತಿಂದವರಿಗೆ ಇದು ಇನ್ನೂ ಬೇಗ ಹೊಳೆಯುತ್ತದೆ.) ‘ಕೊಳೆ’ ಎಂಬುದು ಪರಿಚಿತ ಧಾತುವಾದ್ದರಿಂದ, ಅದು ಕಾಯಿ ಕೊಳೆಯುವ ರೋಗವೆಂದು ತಿಳಿಯಲು ಕಷ್ಟವಿಲ್ಲ.

ನಿಜವಾದ ತೊಡಕಿರುವುದು ‘ಕೊನೆ’ಯಲ್ಲಿ. ಪೂರ್ತಿ ಅಪರಿಚಿತವಾದ ಪದ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಗೊತ್ತಿರುವಂತೆ ಕಾಣುವ ಪದ ಸದ್ದಿಲ್ಲದೆ ದಾರಿ ತಪ್ಪಿಸುತ್ತದೆ. “ಮೊದಲ ಕೊನೆಕೊಯ್ಲು ಮುಗಿದು ಎರಡನೆಯದು ಶುರುವಾಗಿದೆ” ಎಂಬಲ್ಲಿ ಕೊನೆಯೆಂದರೆ ಅಂತ್ಯವೆಂದು ಇಟ್ಟುಕೊಂಡು ಓದಿದರೆ, ಮೊದಲನೆಯದೇ ಕೊನೆಯದಾಗುವುದು ಹೇಗೆಂದು ವಾಕ್ಯವೇ ಮುಗ್ಗರಿಸುತ್ತದೆ. ಹಾಗೆ ಮುಗ್ಗರಿಸಿದಲ್ಲೆಲ್ಲ ಅರ್ಥ ಬೇರೆಯಿದೆಯೆಂದು ಸಂಶಯಪಡಬೇಕು. ಇಲ್ಲಿ ಕೊನೆಯೆಂದರೆ ಅಡಿಕೆಯ ಗೊಂಚಲು. ಕೊನೆಗೌಡನೆಂದರೆ ಮರವೇರಿ ಅದನ್ನು ಕೊಯ್ಯುವವನು, ಮಳೆಗಾಲಕ್ಕೆ ಮೊದಲು ಅದಕ್ಕೆ ಕೊಟ್ಟೆ ಕಟ್ಟುವವನು.

ಊಹೆಯನ್ನು ಪುಟದಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟು, ಅದೇ ಪದ ಮತ್ತೆ ಬಂದಾಗ ಹೊಂದುತ್ತದೆಯೇ ಎಂದು ನೋಡಬೇಕು. ಅಧ್ಯಾಯ ಮುಗಿದ ಮೇಲೆ 1894ರ ಕಿಟ್ಟೆಲ್ ನಿಘಂಟನ್ನೋ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನೋ ತೆರೆದರೆ, ಆಗ ಸಿಗುವ ಅರ್ಥ ಮನಸ್ಸಿನಲ್ಲಿ ನಿಲ್ಲುತ್ತದೆ.

ಪಹಣಿ, ಕ್ರಯಪತ್ರಗಳನ್ನು ಓದುವಾಗ ಮಾತ್ರ ಈ ವಿಧಾನ ಸಲ್ಲದು. ‘ಖರಾಬು’ ಎಂದರೆ ಕೆಟ್ಟ ನೆಲವೆಂದು ಊಹಿಸಿ ಸುಮ್ಮನಾಗುವಂತಿಲ್ಲ; ‘ಅ’ ಖರಾಬು ಸಾಗುವಳಿಗೆ ಬಾರದ ಜಮೀನಾದರೆ, ‘ಬ’ ಖರಾಬು ದಾರಿ, ಹಳ್ಳಗಳಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಅಂಥ ಪದವನ್ನು ಸಹಿ ಹಾಕುವ ಮೊದಲೇ ತಿಳಿದವರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.