ಒಂದು ತೋಟಕ್ಕೆ ನಾಲ್ಕು ಹೆಸರು: ಮನೆಯ ಟಿಪ್ಪಣಿಗಳನ್ನು ಡೇಟಾಬೇಸಿಗೆ ಏರಿಸುವ ಕ್ರಮ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರ ಮನೆಗಳಲ್ಲಿ ಕಾಗದಪತ್ರಗಳ ಪೆಟ್ಟಿಗೆಯನ್ನು ತೆರೆದರೆ ಒಂದೇ ಜಾಗವು ಹಲವು ವೇಷಗಳಲ್ಲಿ ಎದುರಾಗುತ್ತದೆ. ಕಾಸರಗೋಡು ಪ್ರದೇಶವು 1956ರಲ್ಲಿ ಕೇರಳಕ್ಕೆ ಸೇರುವ ಮೊದಲಿನ ಪಾಲುಪಟ್ಟಿ ಕನ್ನಡದಲ್ಲಿದ್ದರೆ, ಈಚಿನ ತೆರಿಗೆ ರಶೀದಿ ಮಲೆಯಾಳದಲ್ಲಿಯೂ ಬ್ಯಾಂಕಿನ ಸಾಲದ ಪತ್ರ ಇಂಗ್ಲಿಷಿನಲ್ಲಿಯೂ ಇರುತ್ತವೆ. ಒಂದರಲ್ಲಿ ಹಳೆಯ ಸರ್ವೆ ನಂಬರು, ಇನ್ನೊಂದರಲ್ಲಿ ರೀಸರ್ವೆ ನಂಬರು. ಒಂದರಲ್ಲಿ ಎಕ್ರೆ ಮತ್ತು ಸೆಂಟ್ಸು, ಇನ್ನೊಂದರಲ್ಲಿ ಆರ್ (ಹೆಕ್ಟೇರಿನ ನೂರನೆಯ ಒಂದು ಪಾಲು) ಮತ್ತು ಹೆಕ್ಟೇರು. ಮನೆಯವರ ಬಾಯಲ್ಲಾದರೋ ಅದು ಬರಿಯ ‘ಸುರಂಗದ ಬಳಿಯ ತೋಟ’. ಇಂತಹ ಮಾಹಿತಿಯನ್ನು ನೋಟ್ ಪುಸ್ತಕದಲ್ಲಿಯೋ ಮೊಬೈಲಿನ ಟಿಪ್ಪಣಿಯಲ್ಲಿಯೋ ಬರೆದಿಟ್ಟರೆ, ಯಾವ ಹೆಸರಿನಲ್ಲಿ ಬರೆದಿದ್ದೇವೆ ಎಂಬುದು ನೆನಪಿಲ್ಲದ ದಿನ ಅದು ಸಿಗುವುದಿಲ್ಲ.

ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ 1970ರಲ್ಲಿ ಮಂಡಿಸಿದ ಸಂಬಂಧಾಧಾರಿತ ಡೇಟಾಬೇಸಿನ ಕಲ್ಪನೆಯಲ್ಲಿ ಈ ತೊಡಕಿಗೆ ಪರಿಹಾರವಿದೆ. ಒಂದು ವಸ್ತುವನ್ನು ಒಂದೇ ಸಾಲಿನಲ್ಲಿ ಒಂದೇ ಬಾರಿ ದಾಖಲಿಸಬೇಕು. ಅದರ ಪ್ರಸ್ತಾಪ ಬರುವ ಉಳಿದೆಡೆಗಳಲ್ಲಿ ಮತ್ತೆ ಬರೆಯುವ ಬದಲು ಆ ಸಾಲಿನತ್ತ ಕೈ ತೋರಿಸಬೇಕು. ನೋಷನ್, ಏರ್‌ಟೇಬಲ್ ಮೊದಲಾದ ತಂತ್ರಾಂಶಗಳು ಇದನ್ನು ಪ್ರೋಗ್ರಾಮಿಂಗ್ ಅರಿಯದವರಿಗೂ ಒದಗಿಸಿವೆ. ಇಲ್ಲಿ ಹೇಳುವ ಕ್ರಮವು ನೋಷನ್‌ನ ಉಚಿತ ಆವೃತ್ತಿಗೆ ಸಂಬಂಧಿಸಿದ್ದು.

ಖಾತೆ ತೆರೆದ ಬಳಿಕ ಹೊಸ ಪುಟವೊಂದರಲ್ಲಿ ಓರೆಗೆರೆಯನ್ನು (/) ಒತ್ತಿ ‘ಡೇಟಾಬೇಸ್’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿದರೆ ಖಾಲಿ ಕೋಷ್ಟಕವೊಂದನ್ನು ಪಡೆಯಬಹುದು. ಅದಕ್ಕೆ ‘ಜಾಗ’ ಎಂದು ಹೆಸರಿಡಿ. ಕಾಲಮುಗಳ ಹೆಸರನ್ನೂ ಕನ್ನಡದಲ್ಲಿಯೇ ಇಡಬಹುದು. ಮೊದಲ ಕಾಲಮಿನಲ್ಲಿ ಮನೆಯವರು ಆಡುವ ಹೆಸರೇ ಇರಲಿ. ಬಳಿಕ ‘ಇತರ ಹೆಸರುಗಳು’ ಎಂಬ ಪಠ್ಯದ ಕಾಲಮನ್ನು ಸೇರಿಸಿ, ದಾಖಲೆಗಳಲ್ಲಿ ಕಂಡುಬರುವ ಮಲೆಯಾಳ ಹಾಗೂ ಇಂಗ್ಲಿಷ್ ರೂಪಗಳನ್ನೆಲ್ಲ ಅದರಲ್ಲಿ ಬರೆಯಿರಿ. ಕುಂಬಳೆ, ಮಂಜೇಶ್ವರದಂತಹ ಊರುಗಳ ಹೆಸರೇ ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಬೇರೆಯಾಗಿ ಬರೆಯಲ್ಪಡುವ ನಮ್ಮ ಜಿಲ್ಲೆಯಲ್ಲಿ ಈ ಒಂದು ಕಾಲಮು ಉಳಿದ ಹತ್ತು ಕಾಲಮುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸರ್ವೆ ನಂಬರುಗಳಿಗೆ ‘ನಂಬರ್’ ಎಂಬ ಬಗೆಯನ್ನು ಆರಿಸಬಾರದು. ಅವುಗಳಲ್ಲಿ ಓರೆಗೆರೆಯೂ ಅಕ್ಷರಗಳೂ ಬರುವುದರಿಂದ ಪಠ್ಯದ ಬಗೆಯೇ ಸರಿ. ವಿಸ್ತೀರ್ಣವನ್ನು ಮಾತ್ರ ಸಂಖ್ಯೆಯಾಗಿ, ಸೆಂಟ್ಸುಗಳಲ್ಲಿ ಬರೆಯಿರಿ. ಪಕ್ಕದಲ್ಲಿ ಒಂದು ಸೂತ್ರದ ಕಾಲಮನ್ನಿಟ್ಟು ಅದನ್ನು 0.4047ರಿಂದ ಗುಣಿಸಿದರೆ ಆರ್‌ನಲ್ಲಿ ಉತ್ತರ ದೊರೆಯುತ್ತದೆ.

ಎರಡನೆಯ ಕೋಷ್ಟಕ ‘ಕಾಗದಪತ್ರ’. ಪ್ರತಿಯೊಂದು ದಾಖಲೆಗೂ ಒಂದು ಸಾಲು. ತಾರೀಕು, ಭಾಷೆ, ಮೂಲಪ್ರತಿ ಇರುವ ಸ್ಥಳ, ಜತೆಗೆ ಚಿತ್ರ. ಉಚಿತ ಆವೃತ್ತಿಯಲ್ಲಿ ಒಂದು ಫೈಲಿನ ಗಾತ್ರ 5 ಎಂಬಿಯನ್ನು ಮೀರುವಂತಿಲ್ಲವಾದ್ದರಿಂದ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳನ್ನು ಮೊದಲೇ ಕುಗ್ಗಿಸಿಕೊಳ್ಳಬೇಕು. ಅನಂತರ ‘ರಿಲೇಷನ್’ ಎಂಬ ಬಗೆಯ ಕಾಲಮನ್ನು ಸೇರಿಸಿ, ಅದನ್ನು ‘ಜಾಗ’ ಕೋಷ್ಟಕಕ್ಕೆ ಜೋಡಿಸಿ, ಎರಡೂ ಕಡೆ ಕಾಣುವಂತೆ ಆಯ್ಕೆ ಮಾಡಿ. ಇನ್ನು ಮುಂದೆ ‘ಸುರಂಗದ ಬಳಿಯ ತೋಟ’ವನ್ನು ತೆರೆದರೆ ಅದರ ಪಾಲುಪಟ್ಟಿ, ರಶೀದಿ, ಸಾಲದ ಪತ್ರಗಳೆಲ್ಲ, ಅವುಗಳಲ್ಲಿ ಯಾವ ಹೆಸರು ನಮೂದಾಗಿದ್ದರೂ, ಒಂದೆಡೆ ಕಾಣಿಸುತ್ತವೆ.

ಮೂರನೆಯದು ‘ಕೆಲಸ’. ಅಡಿಕೆಯ ಕೊನೆ (ಗೊನೆ) ತೆಗೆದದ್ದು, ಗೊಬ್ಬರ ಹಾಕಿದ್ದು, ಮದ್ದು ಬಿಟ್ಟದ್ದು, ತಗಲಿದ ಖರ್ಚು ಇವುಗಳನ್ನು ತಾರೀಕಿನೊಂದಿಗೆ ಬರೆದು ಜಾಗಕ್ಕೆ ಜೋಡಿಸಿ. ಕೊಳೆರೋಗ ಬಾರದಂತೆ ಮಳೆಗಾಲದ ಆರಂಭಕ್ಕೆ ಮೊದಲು ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು, ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಹಾಗೂ ಒಂದು ಕಿಲೋ ಸುಣ್ಣ ಸೇರಿಸಿ, ಸಿಂಪಡಿಸಿ, 40ರಿಂದ 45 ದಿನಗಳ ಬಳಿಕ ಎರಡನೆಯ ಸಲ ಸಿಂಪಡಿಸುವುದು ವಾಡಿಕೆ. ತಾರೀಕಿಗೆ 45 ದಿನಗಳನ್ನು ಕೂಡಿಸುವ ಸೂತ್ರವನ್ನು ಬರೆದಿಟ್ಟರೆ ಮುಂದಿನ ಸರದಿಯ ಗಡುವು ಎಣಿಕೆಯಿಲ್ಲದೆ ಕಾಣುತ್ತದೆ. ಮಳೆ ಬಿಡುವು ಕೊಡುತ್ತದೆಯೇ ಎಂಬುದನ್ನು ಯಾವ ಸೂತ್ರವೂ ಹೇಳದು. ‘ಜಾಗ’ ಕೋಷ್ಟಕದಲ್ಲಿ ‘ರೋಲಪ್’ ಕಾಲಮನ್ನಿಟ್ಟರೆ ಯಾವ ತೋಟಕ್ಕೆ ಒಟ್ಟು ಎಷ್ಟು ಖರ್ಚಾಯಿತೆಂಬುದು ತಾನಾಗಿ ಕೂಡಿ ಬರುತ್ತದೆ.

ಮೂರು ಕೋಷ್ಟಕಗಳಿಗಿಂತ ಹೆಚ್ಚನ್ನು ಆರಂಭದಲ್ಲಿ ಮಾಡದಿರುವುದು ಒಳಿತು. ಈ ಲೇಖಕನು ಮೊದಲ ಪ್ರಯತ್ನದಲ್ಲಿ ಹದಿನೆಂಟು ಕಾಲಮುಗಳ ಸುಂದರವಾದ ಕೋಷ್ಟಕವನ್ನು ರಚಿಸಿ, ಎರಡು ವಾರಗಳಲ್ಲಿ ತುಂಬಿಸುವುದನ್ನೇ ನಿಲ್ಲಿಸಿದ್ದನು. ಕಾಲಮುಗಳನ್ನು ಯಾವಾಗ ಬೇಕಾದರೂ ಸೇರಿಸಲು ಸಾಧ್ಯವಿರುವುದರಿಂದ, ಒಂದು ವಿವರವನ್ನು ಟಿಪ್ಪಣಿಯಲ್ಲಿ ಮೂರು ಬಾರಿ ಬರೆಯಬೇಕಾಗಿ ಬಂದಾಗ ಮಾತ್ರ ಅದಕ್ಕೊಂದು ಕಾಲಮನ್ನು ಕೊಡಬೇಕು. ಪ್ರತಿಯೊಂದು ಸಾಲೂ ಒಳಗೊಂದು ಖಾಲಿ ಪುಟವನ್ನು ಹೊಂದಿದ್ದು, ಗಡಿಕಲ್ಲಿನ ವಿಚಾರವಾಗಿ ಹಿರಿಯರು ಹೇಳಿದ ಮಾತಿನಂತಹ, ಯಾವ ಕಾಲಮಿಗೂ ಒಗ್ಗದ ಸಂಗತಿಗಳಿಗೆ ಅದೇ ಸರಿಯಾದ ತಾಣ.

ಕನ್ನಡದಲ್ಲಿ ಹುಡುಕುವವರು ಎರಡು ವಿಷಯಗಳಲ್ಲಿ ಎಚ್ಚರದಿಂದಿರಬೇಕು. ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿರುವ ಬರೆಹವನ್ನು, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಮಾನವಾದ ಸಂಕೇತಪದ್ಧತಿಯಾದ ಯುನಿಕೋಡಿಗೆ ಪರಿವರ್ತಿಸದೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ. ಅನುಸ್ವಾರದ ಜಾಗದಲ್ಲಿ ಅದರಂತೆಯೇ ಕಾಣುವ ಕನ್ನಡದ ಸೊನ್ನೆಯನ್ನು ಒತ್ತಿದ್ದರೆ, ಕಣ್ಣಿಗೆ ಸರಿಯಾಗಿ ಕಾಣುವ ‘ಕುಂಬಳೆ’ ಹುಡುಕಾಟದಲ್ಲಿ ಸಿಗುವುದಿಲ್ಲ.

ನೋಷನ್‌ನಲ್ಲಿರುವ ಮಾಹಿತಿ ಆ ಸಂಸ್ಥೆಯ ಸರ್ವರುಗಳಲ್ಲಿ ಉಳಿಯುತ್ತದೆಯಾದ್ದರಿಂದ ಆಧಾರ್ ಸಂಖ್ಯೆ, ಪಾಸ್‌ವರ್ಡುಗಳನ್ನು ಅಲ್ಲಿ ಇಡಬಾರದು. ತಿಂಗಳಿಗೊಮ್ಮೆ ‘ಎಕ್ಸ್‌ಪೋರ್ಟ್’ ಆಯ್ಕೆಯಿಂದ ಎಲ್ಲವನ್ನೂ ಮಾರ್ಕ್‌ಡೌನ್ (ಪುಟಗಳಿಗೆ ಸರಳ ಪಠ್ಯ) ಮತ್ತು ಸಿಎಸ್‌ವಿ (ಕೋಷ್ಟಕಗಳಿಗೆ ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ರೂಪದಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ಕಾಪಿಡಿ. ಆ ಸಿಎಸ್‌ವಿಯನ್ನು ಲಿಬ್ರೆ ಆಫೀಸಿನ ಕ್ಯಾಲ್ಕ್‌ನಲ್ಲಿ ತೆರೆಯುವಾಗ ಕಾಣಿಸುವ ಕಿಟಕಿಯಲ್ಲಿ ಯುನಿಕೋಡಿನ ಒಂದು ರೂಪವಾದ ‘ಯುಟಿಎಫ್-8’ ಎಂಬುದನ್ನು ಆರಿಸಿಕೊಂಡರೆ ಕನ್ನಡವೂ ಮಲೆಯಾಳವೂ ಕೆಡದೆ ತೆರೆದುಕೊಳ್ಳುತ್ತವೆ.