ಅಮ್ಮನ ಹಾಡು ಫೋನಿನ್ಯಾಗ ಹಿಡದಿಡೋದು ಹೆಂಗ

ನಮ್ಮ ಕಡೆ, ಅಂದ್ರ ಕೊಪ್ಪಳ ಯಲಬುರ್ಗಾ ಕುಷ್ಟಗಿ ಸುತ್ತಮುತ್ತ, ಹೆತ್ತಾಕಿ ಅವ್ವ, ಅಪ್ಪನ ಅವ್ವ ಅಮ್ಮ. ಈಗಿನ ಹುಡುಗ್ರಿಗೆ ಇದು ಉಲ್ಟಾ ಆಗೇತಿ, ಹೆತ್ತಾಕಿ ಮಮ್ಮಿ ಇಲ್ಲಾ ಅಮ್ಮ, ನಮ್ಮ ಅಮ್ಮ ಹೋಗಿ ಅಜ್ಜಿ ಆಗ್ಯಾಳ, ಅವ್ವ ಅನ್ನೋದು ಶಾಲಿ ಹುಡುಗ್ರ ಬಾಯಾಗ ಬರೋದ ಕಡಿಮಿ. ಯಾರೂ ಬ್ಯಾಡ ಅಂತ ಹೇಳಿಲ್ಲ, ಟಿವಿ ಬಂತು, ಇಂಗ್ಲಿಷ್ ಮೀಡಿಯಂ ಬಂತು, ಊರ ಮಂದಿ ಬೆಂಗಳೂರಿಗೆ ಹೋಗಿ ಬಂದು ಮಾಡಿದ್ರು, ಹಂಗ ಜಾರಿ ಹೋತು. ಹಾಡೂ ಹಿಂಗ ಹೊಂಟಾವು. ಅದಕ್ಕ ನಿಮ್ಮ ಮನ್ಯಾಗ ಎಪ್ಪತ್ತು ದಾಟಿದ ಅಮ್ಮನೋ ಮುತ್ಯಾನೋ (ಅಜ್ಜ) ಇದ್ರ ಅವರ ಹಾಡು, ಮಾತು, ಶಾಸ್ತ್ರ ಎಲ್ಲಾ ನಿಮ್ಮ ಫೋನಿನ್ಯಾಗ ಹಿಡದಿಡೋದು ಹೆಂಗ ಅಂತ ನಾ ಮಾಡಿ ಕಲ್ತಿದ್ದನ್ನ ಇಲ್ಲಿ ಬರೀತೀನಿ. ರೊಕ್ಕ ಖರ್ಚ ಇಲ್ಲ, ಟೈಮ್ ಬೇಕು, ತಾಳ್ಮಿ ಬೇಕು.

ಎಲ್ಲಕ್ಕಿಂತ ಮೊದ್ಲ ತಿಳ್ಕೋಬೇಕಾದ್ದು ಒಂದ ಐತಿ. ಹಾಡು ತಲಿಯಾಗ ಇರಂಗಿಲ್ರಿ, ಕೈಯಾಗ ಇರತೈತಿ. ನಾ ಮೊದ್ಲ ಸಲ ನಮ್ಮ ಅಮ್ಮನ್ನ ಪ್ಲಾಸ್ಟಿಕ್ ಖುರ್ಚಿ ಮ್ಯಾಲ ಕುಂದ್ರಿಸಿ, ಮುಂದ ಫೋನ್ ಹಿಡದು, ಬೀಸೋ ಹಾಡು ಹೇಳು ಅಂದೆ. ಎರಡು ನುಡಿ ಹೇಳಿದ್ಲು, ಮೂರನೇದು ಬರಲಿಲ್ಲ, ಎಲ್ಲಾ ಮರತೀನೋ ತಮ್ಮಾ, ಈಗ ಯಾರ್ ಹಾಡ್ತಾರ ಅದನ್ನ ಅಂತ ಎದ್ದ ಹೋದ್ಲು. ನಾನೂ ಹೋತು, ಮುಗೀತು ಅಂದ್ಕೊಂಡೆ. ಒಂದ್ ಎಂಟು ದಿನ ಬಿಟ್ಟು ನಮ್ಮ ಅವ್ವ ಹೇಳಿದ್ಲು, ಹಂಗ ಕೇಳಿದ್ರ ಹೆಂಗ ಬರತೈತಿ, ಕಲ್ಲ ಮುಂದ ಕುಂದ್ರಸು ಅಂತ. ನಮ್ಮ ಮನಿ ಬೀಸೋಕಲ್ಲು ಹಿತ್ತಲದಾಗ ಬಚ್ಚಲ ಕಡೆ ಬಿದ್ದಿತ್ತು, ಮ್ಯಾಲಿನ ಕಲ್ಲು ಒಂದ್ ಕಡೆ, ಕೆಳಗಿಂದು ಒಂದ್ ಕಡೆ. ತೊಳದು, ಹೊಸ ಗೂಟ ಬಡದು, ಪಡಸಾಲ್ಯಾಗ ಗೋಣಿಚೀಲ ಹಾಸಿ ಇಟ್ವಿ. ಅಮ್ಮ ಒಂದ್ ಕಡೆ ಕುಂತ್ಲು, ಎದುರಿಗೆ ಬಾಜೂ ಮನಿ ದೊಡ್ಡವ್ವ ಕುಂತ್ಲು. ಒಂದ್ ಹಿಡಿ ಜ್ವಾಳ ಕಲ್ಲಿನ ಬಾಯಿಗೆ ಹಾಕಿ ಇಬ್ರೂ ಗೂಟ ಹಿಡದು ತಿರುವಿದ್ರು, ಎರಡು ಸುತ್ತು ಮೂರು ಸುತ್ತು ಬರೇ ಗರ್ರ್ ಅನ್ನೋ ಸಪ್ಪಳ, ನಾಕನೇ ಸುತ್ತಿಗೆ ಅಮ್ಮನ ಬಾಯಿಂದ ಹಾಡು ಬಂತು, ತಾನ ಬಂತು, ಯಾರೂ ಕೇಳಲಿಲ್ಲ. ದೊಡ್ಡವ್ವ ಹಿಂದ ಎತ್ಕೊಂಡ್ಲು. ಇಪ್ಪತ್ತೆರಡು ನುಡಿ ಹಾಡಿದ್ರು, ತವರಿಂದು, ಅಣ್ಣ ತಮ್ಮಂದಿರದು, ನಮ್ಮ ಅವ್ವನ ಹೆಸರು ಸೈತ ಅದ್ರಾಗ ಸೇರಿಸಿ. ಕೈ ನಿಂತ್ರ ಹಾಡು ನಿಲ್ತಿತ್ತು, ಕೈ ತಿರುಗಿದ್ರ ಬರ್ತಿತ್ತು.

ಅದಕ್ಕ ಹಾಡು ಕೇಳಬ್ಯಾಡ್ರಿ, ಕೆಲಸ ಕೊಡ್ರಿ. ಕುಟ್ಟೋ ಹಾಡು ಬೇಕಂದ್ರ ಒಳ್ಳು, ಒನಕಿ ತರ್ರಿ, ಜೋಗುಳ ಬೇಕಂದ್ರ ಒಂದ್ ಕೂಸು ತೊಟ್ಟಲದಾಗ ಹಾಕ್ರಿ, ಸೋಬಾನ ಬೇಕಂದ್ರ ಆರತಿ ತಾಟು ಕೈಯಾಗ ಕೊಡ್ರಿ. ಮಿಕ್ಸರ್, ಗಿರಣಿ ಬಂದಿದ್ದು ಕೆಟ್ಟದ್ದಂತ ನಾ ಹೇಳಂಗಿಲ್ಲ, ನಸುಕಿನ್ಯಾಗ ಎದ್ದು ಬೀಸಿ ಬೀಸಿ ನಮ್ಮ ಅಮ್ಮನ ರಟ್ಟಿ ಹೆಂಗಾಗೇತಿ ನಾ ನೋಡೀನಿ, ಆ ಕಷ್ಟ ಯಾರಿಗೂ ಬ್ಯಾಡ. ಕಷ್ಟ ಹೋಗಲಿ, ಹಾಡು ಉಳೀಲಿ ಅಂತ ಅಷ್ಟ.

ಗಂಡಸರ ಹಾಡೂ ಹಂಗ. ಹಂತಿ ಪದ ಅಂತ ಕೇಳಿರಬೇಕು, ಕಣದಾಗ ನಡುವ ಮೇಟಿ ಕಂಬ ನೆಟ್ಟು, ಎತ್ತು ಸಾಲಾಗಿ ಕಟ್ಟಿ, ರಾತ್ರಿ ಎಲ್ಲಾ ತೆನಿ ತುಳಸ್ತಾ ಹಾಡೋ ಪದ. ಮೊದ್ಲು ಹಂತಿ ಹೋಗಿ ತೆನಿ ಮ್ಯಾಲ ಉರುಳಿಸೋ ರೂಳಗಲ್ಲು ಬಂತು, ಆಮ್ಯಾಲ ಡಾಂಬರ್ ರೋಡ್ ಮ್ಯಾಲ ತೆನಿ ಹಾಸಿ ಲಾರಿ ಬಸ್ ಕೈಲಿ ತುಳಸೋದು ಬಂತು, ಈಗ ರಾಶಿ ಮಷೀನು, ಒಂದ್ ತಾಸಿನ್ಯಾಗ ಕೆಲಸ ಖಲಾಸ್. ಇನ್ನ ಗಂಗಾವತಿ, ಕಾರಟಗಿ, ಸಿಂಧನೂರ ಕಡೆ ಅಂತೂ ಪೂರಾ ಬ್ಯಾರೆ ಕಥಿ, 1953ರಾಗ ತುಂಗಭದ್ರಾ ಡ್ಯಾಮ್ ಆಗಿ ಕಾಲುವಿ ನೀರು ಬಂದಮ್ಯಾಲ ಜ್ವಾಳದ ಹೊಲ ಎಲ್ಲಾ ಭತ್ತದ ಗದ್ದಿ ಆದ್ವು, ಹೊಟ್ಟಿಗೆ ಚಲೋ ಆತು, ಆದ್ರ ಜ್ವಾಳದ ಜೋಡಿ ಇದ್ದ ಶಬ್ದ, ಪದ, ಹಬ್ಬದ ಅಡಗಿ ಅವೂ ಹಿಂದ ಸರದ್ವು. ಮುತ್ಯಾಗ ಮೇಟಿ ನೆಟ್ಟು ಕೊಡಾಕ ಆಗದಿದ್ರ ಕಣ ಇದ್ದ ಜಾಗಕ್ಕರೆ ಕರ್ಕೊಂಡು ಹೋಗ್ರಿ, ಈಗ ಅಲ್ಲಿ ಪ್ಲಾಟ್ ಆಗಿದ್ರೂ ಅಡ್ಡಿಯಿಲ್ಲ. ಅಲ್ಲೇ ನಿಂತು, ಎತ್ತು ಎಷ್ಟು ಕಟ್ಟತಿದ್ರಿ, ಮೇಟಿ ಯಾವ ಮರದ್ದು, ರಾಶಿ ಪೂಜಿಗೆ ಏನೇನು ಇಡತಿದ್ರಿ, ಅಳೀಬೇಕಾದ್ರ ಏನಂತಿದ್ರಿ ಅಂತ ಕೇಳ್ರಿ. ಕಾಳು ಅಳಿಯುವಾಗ ಮೊದಲನೇ ಅಳತಿಗೆ ಒಂದು ಅಂತ ಹೇಳತಿದ್ದಿಲ್ಲ, ಲಾಭ ಅಂತಿದ್ರು. ಲಾಭ, ಎರಡು, ಮೂರು. ಈ ಒಂದ್ ಶಬ್ದ ಕೇಳಿದ್ರ ಸಾಕು, ಮುತ್ಯಾ ಅರ್ಧಾ ತಾಸು ಮಾತಾಡ್ತಾನ.

ಈಗ ಫೋನಿನ ಮಾತು. ರೆಕಾರ್ಡ್ ಹಚ್ಚೋಕಿಂತ ಮೊದ್ಲ ಫ್ಲೈಟ್ ಮೋಡ್ ಹಾಕ್ರಿ, ಇಲ್ಲಂದ್ರ ನಡುವ ಫೋನ್ ಬರತೈತಿ, ಹಾಡು ಕಟ್ ಆಗತೈತಿ, ಅದು ತಿರುಗಿ ಹಂಗ ಬರಂಗಿಲ್ಲ. ಫ್ಯಾನ್ ಬಂದ್ ಮಾಡ್ರಿ, ಬ್ಯಾಸಗಿ ಇದ್ರೂ ಬಂದ್ ಮಾಡ್ರಿ, ನಮ್ಮ ಕಿವಿಗೆ ಫ್ಯಾನಿನ ಸಪ್ಪಳ ಕೇಳಸಂಗಿಲ್ಲ, ಫೋನಿಗೆ ಎಲ್ಲಾ ಕೇಳಸತೈತಿ. ತಗಡಿನ ಶೆಡ್ಡಿನ್ಯಾಗ, ಖಾಲಿ ಸಿಮೆಂಟ್ ಕೋಣ್ಯಾಗ ದನಿ ಗುಂಯ್ ಅನ್ನತೈತಿ, ಹಳೇ ಮಣ್ಣಿನ ಮನಿ ಪಡಸಾಲಿ ಇದ್ರ ಅದ್ರಂಥಾ ಸ್ಟುಡಿಯೋ ಇಲ್ಲ. ಫೋನ್ ಕೈಯಾಗ ಹಿಡೀಬ್ಯಾಡ್ರಿ, ಒಂದ್ ಟವೆಲ್ ನಾಕು ಮಡಿಕಿ ಮಾಡಿ ಅದ್ರ ಮ್ಯಾಲ ಇಡ್ರಿ, ಹಾಡೋರಿಂದ ಒಂದ್ ಮೊಳ ದೂರ. ಬೀಸೋಕಲ್ಲಿದ್ರ ಇನ್ನ ಸ್ವಲ್ಪ ದೂರ, ಆದ್ರ ಕಲ್ಲಿನ ಸಪ್ಪಳ ಪೂರಾ ತಗೀಬ್ಯಾಡ್ರಿ, ಅದು ಹಾಡಿನ ತಾಳ. ರೆಕಾರ್ಡರ್ ಸೆಟ್ಟಿಂಗಿನ್ಯಾಗ ವೇವ್ (WAV) ಅಂತ ಇದ್ರ ಅದನ್ನ ಆರಿಸ್ರಿ, ಮೊನೋ, ಅಂದ್ರ ಒಂದ ಚಾನೆಲ್, ಇಟ್ರ ಒಂದ್ ತಾಸಿಗೆ ಸುಮಾರು 300 ಎಂಬಿ ಆಗತೈತಿ, ಆದ್ರ ದನಿ ಚೊಕ್ಕ ಉಳೀತೈತಿ. ಶುರು ಮಾಡುವಾಗ ನೀವ ತಾರೀಖು, ಊರು, ಹಾಡೋರ ಹೆಸರು, ವಯಸ್ಸು, ಅವರ ತವರೂರು ಬಾಯಿಲೆ ಹೇಳ್ರಿ. ತವರೂರು ಯಾಕಂದ್ರ ಹೆಣ್ಮಕ್ಕಳ ಹಾಡು ಗಂಡನ ಮನೀದಲ್ಲ, ತವರಿಂದ ತಂದಿರ್ತಾರ. ನಮ್ಮ ಅಮ್ಮನ ಅರ್ಧಾ ಹಾಡು ಲಿಂಗಸೂರು ಕಡೇವು, ಅದು ನಂಗ ಆಮ್ಯಾಲ ಗೊತ್ತಾತು.

ವಿಡಿಯೋ ಬೇಕಾ ಅಂತ ಕೇಳ್ತಾರ. ಕೈಕೆಲಸ ಇದ್ರ ಬೇಕ ಬೇಕು. ಬಡಿದು ಮಾಡೋ ಜ್ವಾಳದ ರೊಟ್ಟಿ, ಕೌದಿ ಹೊಲಿಯೋದು, ಮಣ್ಣೆತ್ತು ಮಾಡೋದು ಬರೇ ದನಿಯಾಗ ತಿಳಿಯಂಗಿಲ್ಲ. ಮುಖ ಬ್ಯಾಡ, ಕೈ ತೋರಸ್ರಿ, ಮ್ಯಾಲಿಂದ. ಭಾಳ ಮಂದಿ ಹೆಣ್ಮಕ್ಕಳು ಮುಖ ಬ್ಯಾಡ ಅಂದ್ರ ತಾವಾಗೆ ಒಪ್ತಾರ.

ಯಾವಾಗ ಕೇಳಬೇಕು ಅನ್ನೋದೂ ಐತಿ. ಕೆಲವು ಹಾಡು ಹೊತ್ತಲ್ಲದ ಹೊತ್ತಿನ್ಯಾಗ ಹಾಡಂಗಿಲ್ಲ, ಒತ್ತಾಯ ಮಾಡಬ್ಯಾಡ್ರಿ. ಕಾರಹುಣ್ಣಿವಿ ಆದಮ್ಯಾಲ ಮಣ್ಣೆತ್ತಿನ ಅಮಾಸಿ, ಅದಾದ ಮ್ಯಾಲ ಆಷಾಢದ ಮಂಗಳವಾರ ಮಣ್ಣಿನ ಗುಳ್ಳವ್ವನ ಪೂಜಿ, ಪಂಚಮಿಗೆ ಜೋಕಾಲಿ ಹಾಡು, ಭಾದ್ರಪದದಾಗ ಗಣಪ್ಪ ಹೋದಮ್ಯಾಲ ಜೋಕುಮಾರ ಬರ್ತಾನ, ಅವನ ಮೂರ್ತಿ ಇದ್ದ ಬುಟ್ಟಿ ಹೊತ್ಕೊಂಡು ಮನಿ ಮನಿಗೆ ಬರೋ ಹೆಣ್ಮಕ್ಕಳ ಹಾಡು ಆ ಏಳೆಂಟು ದಿನ ಬಿಟ್ರ ಇಡೀ ವರ್ಷ ಸಿಗಂಗಿಲ್ಲ. ಎಳ್ಳಮಾಸಿಗೆ ಹೊಲದಾಗ ಚರಗ, ಅಂದ್ರ ಭೂಮಿತಾಯಿಗೆ ಎಡಿ, ಚೆಲ್ಲುವಾಗ ಕೂಗ್ತಾರಲ್ಲ, ಹುಲ್ಲುಲ್ಲಿಗೋ ಅಂತ ಒಂದೂರಾಗ, ಹುಲಿಗ್ಯೋ ಅಂತ ಇನ್ನೊಂದೂರಾಗ, ಅದನ್ನ ನಿಮ್ಮೂರಾಗ ಹೆಂಗ ಕೂಗ್ತಾರ ಹಂಗ ಹಿಡೀರಿ. ಅಲಾಯಿ ಹಬ್ಬ, ಅಂದ್ರ ಮೊಹರಂ, ಅದರ ಪದ ಮರೀಬ್ಯಾಡ್ರಿ, ಮುದಗಲ್ಲಿನ ಮೊಹರಂ ಎಲ್ಲಾರಿಗೂ ಗೊತ್ತು, ಆದ್ರ ನಮ್ಮ ಸಣ್ಣ ಸಣ್ಣ ಹಳ್ಳ್ಯಾಗೂ ಬೆಂಕಿ ಹಾಕೋ ಅಲಾಯಿ ಕುಣಿ ಸುತ್ತ ಹಿಂದೂ ಮುಸ್ಲಿಂ ಅನ್ನದ ಹೆಜ್ಜಿ ಹಾಕಿ ಪದ ಹೇಳ್ತಾರ, ಆ ಪದ ಕಟ್ಟಿದವರು ಎಷ್ಟೋ ಮಂದಿ ಅಕ್ಷರ ಬಲ್ಲವರಲ್ಲ. ಮೊಹರಂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದ ಸರೀತೈತಿ, ಕ್ಯಾಲೆಂಡರ್ ನೋಡಿ ಇಟ್ಕೋರಿ.

ಅಕ್ಷರ ಬಲ್ಲವರಲ್ಲ ಅಂದ್ನಲ್ಲ, ಬಳ್ಳಾರಿ ಜಿಲ್ಲಾ ಸಂಡೂರು ತಾಲೂಕಿನ ದರೋಜಿ ಈರಮ್ಮ ನೆನಪಾದ್ಲು. ಬುರ್ರಕಥಾ, ಅಂದ್ರ ಹಾಡಿ ಹೇಳೋ ಕಥಿ, ಅದಕ್ಕ ಬುರ್ರಕಥಾ ಈರಮ್ಮ ಅಂತ ನಾಡೆಲ್ಲಾ ಹೆಸರು, ಓದು ಬರಹ ಇಲ್ಲ, ದೊಡ್ಡ ದೊಡ್ಡ ಕಾವ್ಯ ಪೂರಾ ಬಾಯಾಗ. ಹಂಪಿ ಕನ್ನಡ ವಿಶ್ವವಿದ್ಯಾಲಯದವ್ರು ಆಕಿ ಎದುರಿಗೆ ಕುಂತು ಆಕಿ ಹಾಡಿದ್ದನ್ನ ಬರದು ಅಚ್ಚ ಹಾಕಿಸಿದ್ರು, 2014ರಾಗ ಆಕಿ ತೀರ್ಕೊಂಡ್ಲು, ಬರದಿಟ್ಟಿದ್ದು ಉಳದೈತಿ. ನಮ್ಮ ಕೊಪ್ಪಳದ ಮೋರನಾಳ ಊರಿನ ಭೀಮವ್ವ ಶಿಳ್ಳೇಕ್ಯಾತರ, ತೊಗಲುಗೊಂಬಿ ಆಡಸೋರು, ತೊಂಬತ್ತು ದಾಟಿದಮ್ಯಾಲ 2025ರಾಗ ಪದ್ಮಶ್ರೀ ಬಂತು. ಇವರೆಲ್ಲಾ ದೊಡ್ಡೋರು, ಇವರ ಕಡೆ ಯಾರರೆ ಹೋಗಿ ಬರೀತಾರ. ನಿಮ್ಮ ಓಣಿ ಅಮ್ಮನ ಕಡೆ ಯಾರೂ ಬರಂಗಿಲ್ರಿ, ನೀವ ಹೋಗಬೇಕು.

ರೆಕಾರ್ಡ್ ಆದಮ್ಯಾಲ ಬರಿಯೋ ಕೆಲಸ. ಇದು ಭಾಳ ಮಂದಿ ಬಿಡತಾರ, ಬಿಡಬ್ಯಾಡ್ರಿ, ಅಮ್ಮ ಇರೋವಾಗ್ಲೇ ಬರೀರಿ, ಯಾಕಂದ್ರ ಅರ್ಧಾ ಶಬ್ದ ನಿಮಗ ತಿಳಿಯಂಗಿಲ್ಲ, ಕೇಳಾಕ ಆಕಿ ಬೇಕು. ಹೆಂಗ ಉಚ್ಚಾರ ಮಾಡ್ತಾಳ ಹಂಗ ಬರೀರಿ. ಹಾಲು ಅನ್ನೋದನ್ನ ಆಲು ಅಂದ್ರ ಆಲು ಅಂತ ಬರೀರಿ, ತಿದ್ದಬ್ಯಾಡ್ರಿ. ಉರ್ದು ಶಬ್ದ, ತೆಲುಗು ಶಬ್ದ ಬಂದ್ರ ಇದು ಕನ್ನಡ ಅಲ್ಲ ಅಂತ ತಗೀಬ್ಯಾಡ್ರಿ. ರಾಯಚೂರು ಕೊಪ್ಪಳ 1948ರ ಸೆಪ್ಟೆಂಬರ್ 17ರ ತನ ನಿಜಾಮನ ಕೆಳಗ ಇದ್ದಿದ್ದು, ಬಳ್ಳಾರಿ 1953ರ ಅಕ್ಟೋಬರ್ ತನ ಮದ್ರಾಸ್ ಕಡೆ ಇದ್ದಿದ್ದು, ದವಾಖಾನಿ, ಖುರ್ಚಿ, ತಾರೀಖು ಅನ್ನೋದು, ಬಳ್ಳಾರಿ ಮಂದಿ ಮಾತಿನ ನಡುವ ತೆಲುಗು ಹಾಸುಹೊಕ್ಕಾಗಿ ಬರೋದು ಇವೆಲ್ಲಾ ಆ ಕಾಲದ ಗುರ್ತು. ಅದನ್ನ ತೊಳದು ಪುಸ್ತಕದ ಕನ್ನಡ ಮಾಡಿದ್ರ ಯಾವ ಊರ ಹಾಡು ಅಂತ ಗೊತ್ತಾಗಂಗಿಲ್ಲ. ಫೋನಿನ ವಾಯ್ಸ್ ಟೈಪಿಂಗ್ ನಂಬಬ್ಯಾಡ್ರಿ, ನಮ್ಮ ಮಾತು ಅದಕ್ಕ ಸರಿ ತಿಳಿಯಂಗಿಲ್ಲ, ತಾನ ತಿದ್ದಿ ಬೆಂಗಳೂರು ಕನ್ನಡ ಮಾಡಿ ಇಡತೈತಿ. ಟೈಪ್ ಮಾಡೋರಿದ್ರ ಯೂನಿಕೋಡಿನ್ಯಾಗ ಮಾಡ್ರಿ, ಹಳೇ ಫಾಂಟಿನ್ಯಾಗ ಟೈಪ್ ಮಾಡಿದ್ದು ಇನ್ನೊಬ್ರ ಕಂಪ್ಯೂಟರಿನ್ಯಾಗ ತೆಗದ್ರ ಬರೇ ಚಿತ್ರ ವಿಚಿತ್ರ ಅಕ್ಷರ ಕಾಣತಾವು.

ಕಾಪಿ ಬಗ್ಗೆ ನಾ ಕಳಕೊಂಡು ಕಲ್ತಿದ್ದು. ನನ್ನ ಮೊದಲಿನ ಫೋನ್ ಕೆಟ್ಟಿತ್ತು, ರಿಪೇರಿಗೆ ಕೊಟ್ಟೆ, ಅಂಗಡ್ಯಾಗ ಹುಡುಗ ಎಲ್ಲಾ ಅಳಿಸಿ ಹೊಸಾದು ಮಾಡಿ ಕೊಟ್ಟ, ಅಮ್ಮನ ಆರು ಹಾಡು ಹೋದ್ವು, ನಾಕು ತಿರುಗಿ ಸಿಕ್ವು, ಎರಡು ಸಿಗಲಿಲ್ಲ, ಅಷ್ಟರಾಗ ಆಕಿ ನೆನಪು ಕಡಿಮಿ ಆಗಿತ್ತು. ಅದಕ್ಕ ಅವತ್ತಿಂದು ಅವತ್ತ ಮೂರು ಕಡೆ ಇಡ್ರಿ, ಫೋನಿನ್ಯಾಗ ಒಂದು, ಪೆನ್‌ಡ್ರೈವಿನ್ಯಾಗ ಒಂದು, ಬ್ಯಾರೆ ಊರಾಗ ಇರೋ ಅಕ್ಕನೋ ತಮ್ಮನೋ ಕಡೆ ಒಂದು. ವಾಟ್ಸಾಪಿನ್ಯಾಗ ಕಳಸಿದ್ರ ಡಾಕ್ಯುಮೆಂಟ್ ಅಂತ ಕಳಸ್ರಿ, ಫೈಲು ಹೆಂಗಿರತೈತಿ ಹಂಗ ಮುಟ್ಟತೈತಿ. ಫೈಲಿಗೆ ಹೆಸರು ಇಡುವಾಗ ವರ್ಷ, ತಿಂಗಳು, ತಾರೀಖು, ಊರು, ಹಾಡು ಯಾವುದು ಅಂತ ಇಡ್ರಿ, ರೆಕಾರ್ಡಿಂಗ್ ಒಂದು ಎರಡು ಮೂರು ಅಂತ ಇಟ್ರ ವರ್ಷ ಬಿಟ್ಟು ನಿಮಗ ತಿಳಿಯಂಗಿಲ್ಲ.

ಇಂಟರ್‌ನೆಟ್ಟಿಗೆ ಹಾಕಬೇಕು ಅನಸಿದ್ರ ಮೊದ್ಲ ಹಾಡಿದವರನ್ನ ಕೇಳ್ರಿ, ಅವರಿಗೆ ತಿಳಿಯೋ ಹಂಗ, ದೇಶದಾಗ ಯಾರು ಬೇಕಾದ್ರೂ ಕೇಳತಾರ, ನಡೀತೈತೇನು ಅಂತ. ಹ್ಞೂ ಅಂದ್ರ ಅದನ್ನೂ ರೆಕಾರ್ಡ್ ಮಾಡ್ಕೋರಿ. ಕೆಲವು ಹಾಡಿನ್ಯಾಗ ಅತ್ತಿ ಮಾವನ ಬೈಗುಳ ಇರತಾವು, ಮನಿ ಕಷ್ಟ ಇರತೈತಿ, ಅವು ಮನ್ಯಾಗ ಇರಲಿ. ಉಳದಿದ್ದನ್ನ ಇಂಟರ್‌ನೆಟ್ ಆರ್ಕೈವ್, ವಿಕಿಮೀಡಿಯಾ ಕಾಮನ್ಸ್ ಅನ್ನೋ ವೆಬ್‌ಸೈಟಿಗೆ ಪುಕ್ಕಟೆ ಹಾಕಬಹುದು, ಆದ್ರ ಕಾಮನ್ಸಿನ್ಯಾಗ ಹಾಕಿದ್ದನ್ನ ಯಾರು ಬೇಕಾದ್ರೂ ಬಳಸಬಹುದು, ಮಾರಬಹುದು ಸೈತ, ಅದನ್ನ ಹೇಳಿನ ಹಾಕ್ರಿ.

ಕಡೀಗೆ, ಫೋನಿನ್ಯಾಗ ಇಟ್ಟು ಸುಮ್ನ ಕುಂದ್ರಬ್ಯಾಡ್ರಿ, ತಿರುಗಿ ಮನ್ಯಾಗ ಬಳಸ್ರಿ. ಹೋದ ವರ್ಷ ನಮ್ಮ ಅಕ್ಕನ ಮಗಳ ಮದುವಿ ಇತ್ತು, ಅರಿಷಿಣದ ದಿನ ಡಿಜೆ ಹುಡುಗ್ರಿಗೆ ಕೈ ಮುಗದು ಅರ್ಧಾ ತಾಸು ಬಂದ್ ಮಾಡ್ರಪಾ ಅಂದೆ, ಅದ ಸ್ಪೀಕರಿಗೆ ನನ್ನ ಫೋನ್ ಹಚ್ಚಿ ಅಮ್ಮ ಹಾಡಿದ, ಮದುವಿ ಶಾಸ್ತ್ರದ ಸುರಗಿ ಹಾಡು ಬಿಟ್ಟೆ. ಅಮ್ಮ ತೀರ್ಕೊಂಡು ಎರಡು ವರ್ಷ ಆಗಿತ್ತು. ಮೊದ್ಲ ಎಲ್ಲಾರೂ ಸುಮ್ನ ನಿಂತ್ರು, ಅವ್ವ ಸೆರಗಿಲೆ ಕಣ್ಣು ಒರಿಸ್ಕೊಂಡ್ಲು, ಆಮ್ಯಾಲ ಹಂದರದ ಮೂಲಿಂದ ಒಬ್ಬಾಕಿ ದನಿ ಕೂಡಿಸಿದ್ಲು, ಮದುಮಗನ ಕಡೇ ಮುದುಕಿ, ದೇವದುರ್ಗದಾಕಿ, ನಂಗ ಗುರ್ತ ಇಲ್ಲದಾಕಿ. ಮೂರನೇ ನುಡಿಗೆ ನಿಲ್ಲಿಸಿ, ಏ ತಮ್ಮಾ, ಇದು ಹಿಂಗಲ್ಲ, ನಮ್ಮೂರಾಗ ಇಲ್ಲಿ ಇನ್ನೊಂದು ನುಡಿ ಐತಿ ಅಂದ್ಲು. ನಾ ಸ್ಪೀಕರಿನ ವೈರ್ ಕಿತ್ತು, ಫೋನ್ ಫ್ಲೈಟ್ ಮೋಡಿಗೆ ಹಾಕಿ, ಟವೆಲ್ ಮಡಚಿ ಆಕಿ ಮುಂದ ಇಟ್ಟೆ, ಮನ್ಯಾಗಿಂದ ಅರಿಷಿಣದ ಬಟ್ಟಲ ತರಿಸಿ ಆಕಿ ಕೈಯಾಗ ಕೊಟ್ಟೆ.