ಮೂವತ್ತಾರರಲ್ಲಿ ಗಿಟಾರ್ ಹಿಡಿದೆ

ನಾಲ್ಕು ತಿಂಗಳು ನನ್ನ ಗಿಟಾರ್ ಕಪಾಟಿನ ಮೇಲೆ ಚೀಲದೊಳಗೇ ಇತ್ತು. 2021ರ ದೀಪಾವಳಿಗೆ ಬೋನಸ್ ಬಂದಾಗ ತಗೊಂಡದ್ದು. ಆಗ ನನಗೆ 36 ವರ್ಷ. ಧಾರವಾಡದ ಮಾಳಮಡ್ಡಿಯಲ್ಲಿ ಮನೆ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಆಫೀಸು. ದಿನಾ ಚಿಗರಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬೆನ್ನಿಗೆ ಗಿಟಾರ್ ಹಾಕಿಕೊಂಡು ಹತ್ತುವ ಕಾಲೇಜು ಹುಡುಗರನ್ನು ನೋಡಿ ನೋಡಿ ಆಸೆ ಬಲಿತಿತ್ತು. ಚಿಕ್ಕವಳಿದ್ದಾಗ ಎರಡು ವರ್ಷ ಹಿಂದೂಸ್ತಾನಿ ಹಾಡುವುದನ್ನು ಕಲಿತಿದ್ದೆ. ಆ ಧೈರ್ಯವೂ ಇತ್ತು.

ಮೂರು ವಾರ ನುಡಿಸಿದೆ. ಎಡಗೈ ಬೆರಳ ತುದಿ ಕೆಂಪಾಗಿ ಚಪಾತಿ ಹಿಟ್ಟು ನಾದಲೂ ಆಗುತ್ತಿರಲಿಲ್ಲ. ಮೊಬೈಲಿನ ಪಾಠಗಳಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ನೋವಾಗುತ್ತೆ, ಸಹಿಸಿಕೊಳ್ಳಿ. ಸಹಿಸಿಕೊಂಡೆ. ಆದರೂ ಸಿ ಕಾರ್ಡ್ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದರೆ ಐದು ತಂತಿಗಳಲ್ಲಿ ಎರಡು ಮಾತ್ರ ನುಡಿಯುತ್ತಿದ್ದವು. ಈ ವಯಸ್ಸಿಗೆ ಬೆರಳು ಬಗ್ಗೋದಿಲ್ಲ ಅಂದುಕೊಂಡು ಎತ್ತಿಟ್ಟೆ.

ಕೆಳಗಿಳಿಸಿದವರು ನಮ್ಮ ಓಣಿಯ ಸಿತಾರ್ ಮಾಸ್ತರು. ಧಾರವಾಡದಲ್ಲಿ ಸಿತಾರ್ ನುಡಿಸುವವರು ಹಿಂದಿನಿಂದಲೂ ಇದ್ದಾರೆ. ಸಿತಾರ್ ರತ್ನ ರಹಿಮತ್ ಖಾನರು ನೆಲೆಸಿದ ಊರು ಇದು. ನಮ್ಮ ಮಾಸ್ತರು ಹೆಸರುವಾಸಿ ಕಲಾವಿದರಲ್ಲ, ಮನೆಯಲ್ಲೇ ನಾಲ್ಕಾರು ಮಕ್ಕಳಿಗೆ ಹೇಳಿಕೊಡುತ್ತಿದ್ದವರು. ಅವತ್ತು ಯಾವುದೋ ಕಾಗದ ಕೊಡಲು ಬಂದವರು ಚೀಲ ನೋಡಿ, ತೆಗಿ ಅಂದರು. ತೊಡೆಯ ಮೇಲೆ ಇಟ್ಟುಕೊಂಡರು. ನುಡಿಸಲಿಲ್ಲ. ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿದರು.

"ತಂಗೀ, ತಂತಿ ಎಷ್ಟು ಮ್ಯಾಲ ಅವ ನೋಡು. ಇವನ್ನ ಒತ್ತಲಿಕ್ಕೆ ನನ್ನ ಕೈಲೂ ಆಗೂದಿಲ್ಲ."

ಅರವತ್ತು ವರ್ಷ ಸಿತಾರಿನ ಉಕ್ಕಿನ ತಂತಿ ಎಳೆದು ತೋರುಬೆರಳಲ್ಲಿ ಗೆರೆ ಕೊರೆದುಕೊಂಡ ಕೈ ಅದು. ಆ ಕೈಗೇ ಆಗದ್ದನ್ನು ನಾನು ಮೂರು ವಾರ ಮಾಡಲು ನೋಡಿದ್ದೆ. ಹೊಸದಾಗಿ ಕಲಿಯುವವರಿಗೆ ನಾನು ಹೇಳುವ ಮೊದಲ ಮಾತು ಇದೇ. ನಿಮ್ಮ ಬೆರಳನ್ನು ಬೈದುಕೊಳ್ಳುವ ಮುಂಚೆ ವಾದ್ಯವನ್ನು ಅಳೆಯಿರಿ.

ಅಳೆಯುವುದು ಕಷ್ಟವಲ್ಲ. ಶಾಲೆ ಮಕ್ಕಳ ಸ್ಕೇಲು ಸಾಕು. ಕುತ್ತಿಗೆಗೆ ಅಡ್ಡಲಾಗಿ ಜಡಿದ ಲೋಹದ ಕಂಬಿಗಳೇ ಫ್ರೆಟ್. ಸಾಮಾನ್ಯವಾಗಿ ಎರಡು ಚುಕ್ಕಿ ಇರುವ ಜಾಗ ಹನ್ನೆರಡನೇ ಫ್ರೆಟ್. ಅಲ್ಲಿ ಫ್ರೆಟ್ಟಿನ ತಲೆಯಿಂದ ದಪ್ಪ ತಂತಿಯ ಕೆಳಭಾಗಕ್ಕೆ ಎಷ್ಟು ಅಂತರ ಇದೆ ನೋಡಿ. ಎರಡರಿಂದ ಎರಡೂವರೆ ಮಿಲಿಮೀಟರ್ ಇದ್ದರೆ ಚೆನ್ನ. ಮೂರು ದಾಟಿದರೆ ಕಷ್ಟ ಶುರು. ನನ್ನದು ನಾಲ್ಕಕ್ಕೂ ಜಾಸ್ತಿ ಇತ್ತು. ಅಂಗಡಿಯಲ್ಲಿ ಇದನ್ನು ಯಾರೂ ನೋಡಿರಲಿಲ್ಲ. ನನಗೂ ಕೇಳಬೇಕೆಂದು ಗೊತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ವಾದ್ಯ ರಿಪೇರಿ ಮಾಡುವ ಒಬ್ಬರ ಹತ್ತಿರ ಒಯ್ದೆ. ಅವರು ಮೊದಲು ಕುತ್ತಿಗೆಯೊಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಕಾಲು ಸುತ್ತು ತಿರುಗಿಸಿ ಬಾಗು ಸರಿ ಮಾಡಿದರು. ಆಮೇಲೆ ಸೇತುವೆಯ (ಗಿಟಾರಿನ ಡಬ್ಬಿಯ ಮೇಲೆ ತಂತಿಗಳನ್ನು ಹಿಡಿದಿರುವ ಮರದ ತುಂಡು) ಮೇಲಿನ ಬಿಳಿ ಪಟ್ಟಿ, ಅಂದರೆ ಸ್ಯಾಡಲ್ ತೆಗೆದು ಅದರ ತಳವನ್ನು ಉಸುಕಿನ ಕಾಗದಕ್ಕೆ ತಿಕ್ಕಿದರು. ಹನ್ನೆರಡನೇ ಫ್ರೆಟ್ ತಂತಿಯ ಸರಿಯಾಗಿ ನಡುವೆ ಬರುತ್ತದೆ. ಅದಕ್ಕೆ ಅಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್ ಎರಡು ಮಿಲಿಮೀಟರ್ ಸವೆಯಬೇಕು. ಇದನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ಜಾಸ್ತಿ ತಿಕ್ಕಿದರೆ ವಾಪಸ್ ಬರೋದಿಲ್ಲ. ಟ್ರಸ್ ರಾಡ್ ಅಂತೂ ಮುಟ್ಟಲೇಬೇಡಿ.

ತಂತಿಯನ್ನೂ ಬದಲಿಸಿದರು. ಮೊದಲು ಇದ್ದದ್ದು 12 ನಂಬರಿನ ಸೆಟ್, ಹಾಕಿದ್ದು 10 ನಂಬರಿನದು. ಈ ನಂಬರು ತೀರ ಸಣ್ಣ ತಂತಿಯ ದಪ್ಪ, ಇಂಚಿನ ಸಾವಿರ ಭಾಗದಲ್ಲಿ. 12ರ ಸೆಟ್ಟಿನ ಆರೂ ತಂತಿ ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ. 10ರಲ್ಲಿ ಆ ಎಳೆತ ಸಾಕಷ್ಟು ಕಡಿಮೆ. ದನಿ ಸ್ವಲ್ಪ ತೆಳುವಾಗುತ್ತದೆ, ನಿಜ. ಆದರೆ ಮೊದಲ ವರ್ಷ ದನಿಗಿಂತ ದಿನಾ ಕೈಗೆತ್ತಿಕೊಳ್ಳುವುದು ಮುಖ್ಯ. ಮನೆಗೆ ತಂದು ಅದೇ ಸಿ ಕಾರ್ಡ್ ಹಿಡಿದೆ. ಐದೂ ತಂತಿ ನುಡಿದವು. ನನ್ನ ಕಣ್ಣಲ್ಲಿ ನೀರು ಬಂತು.

ಇನ್ನು ಶ್ರುತಿ. ಇದರ ಬಗ್ಗೆ ಹೇಳುವುದು ಬಹಳ ಇದೆ.

ದಪ್ಪ ತಂತಿಯಿಂದ ಸಣ್ಣದರ ತನಕ ಇ, ಎ, ಡಿ, ಜಿ, ಬಿ, ಇ. ಎಣಿಕೆ ಮಾತ್ರ ಸಣ್ಣದರಿಂದ: ತೀರ ಸಣ್ಣದು ಒಂದನೇ ತಂತಿ, ತೀರ ದಪ್ಪದ್ದು ಆರನೇ ತಂತಿ. ಗಿಟಾರಿನ ತಲೆಗೆ ಸಿಕ್ಕಿಸುವ, ಸ್ವರ ತೋರಿಸುವ ಕ್ಲಿಪ್ ಟ್ಯೂನರ್ ತಗೊಳ್ಳಿ, ಮೊಬೈಲ್ ಆ್ಯಪ್ ಆದರೂ ನಡೆಯುತ್ತದೆ. ತಂತಿಯ ಸ್ವರ ಏರಿದ್ದರೆ ಸುಮ್ನೆ ಇಳಿಸಿ ನಿಲ್ಲಿಸಬೇಡಿ. ಬೇಕಾದ ಸ್ವರಕ್ಕಿಂತ ಕೆಳಗೆ ಇಳಿಸಿ, ಮತ್ತೆ ಏರಿಸುತ್ತಾ ಬಂದು ನಿಲ್ಲಿಸಿ. ಇಲ್ಲದಿದ್ದರೆ ಕಿವಿಯಲ್ಲಿ, ಅಂದರೆ ತಿರುಗಿಸುವ ಕೀಲಿಯಲ್ಲಿ ಉಳಿದ ಸಡಿಲು ಐದು ನಿಮಿಷದಲ್ಲಿ ಜಾರುತ್ತದೆ.

ಟ್ಯೂನರ್ ಇದ್ದರೂ ವಾರಕ್ಕೊಮ್ಮೆ ಬರೀ ಕಿವಿಯಿಂದ ಸೇರಿಸಿ ಎಂದು ಮಾಸ್ತರು ಹೇಳಿದರು. ಆರನೇ ತಂತಿಯ ಐದನೇ ಫ್ರೆಟ್ ಒತ್ತಿದರೆ ಐದನೇ ತಂತಿಯ ಸ್ವರ. ಹೀಗೆ ಮುಂದೆ ಮುಂದೆ. ಮೂರನೇ ತಂತಿಯಲ್ಲಿ ಮಾತ್ರ ನಾಲ್ಕನೇ ಫ್ರೆಟ್. ಎರಡು ಸ್ವರ ಹತ್ತಿರ ಬಂದಾಗ ದನಿ ಅಲೆಯಂತೆ ಹೊಯ್ದಾಡುತ್ತದೆ. ಸೇರುತ್ತಾ ಹೋದಂತೆ ಹೊಯ್ದಾಟ ನಿಧಾನವಾಗಿ, ಕೊನೆಗೆ ನಿಲ್ಲುತ್ತದೆ. ಅದನ್ನು ಕೇಳಲು ಕಲಿತ ದಿನ ನನಗೆ ಕಾರ್ಡ್ ಕಲಿತದ್ದಕ್ಕಿಂತ ಹೆಚ್ಚು ಖುಷಿಯಾಯಿತು.

ಆಗಲೇ ಒಂದು ತೊಡಕು ಎದುರಾಯಿತು. ಜಿ ಕಾರ್ಡ್ ಹಿಡಿದು ಕೇಳಿದರೆ ಎರಡನೇ ತಂತಿ, ಬಿ, ಯಾಕೋ ಸ್ವಲ್ಪ ಏರಿದಂತೆ ಇತ್ತು. ಕಿವಿಗೆ ಹಿತ ಆಗುವಷ್ಟು ಇಳಿಸಿದೆ. ಜಿ ಸಿಹಿಯಾಯಿತು. ಆಮೇಲೆ ಇ ಮೈನರ್ ಹಿಡಿದರೆ ಅದೇ ತಂತಿ ಬೇಸೂರು! ಟ್ಯೂನರ್ ಕೆಟ್ಟಿದೆ ಅಂದುಕೊಂಡು ಮಾಸ್ತರ ಮನೆಗೆ ಓಡಿದೆ.

ಅವರು ತಂಬೂರಿ ಮೀಟಿ, ಕೇಳು ಅಂದರು. ಸಾ ತಂತಿಯೊಳಗೇ ಯಾರೂ ಮೀಟದ ಗಾ ಮೆಲ್ಲಗೆ ಏಳುತ್ತದೆ. ಹಾಡು ಕಲಿತ ಕಿವಿ ಆ ಗಾಂಧಾರವನ್ನೇ ಹುಡುಕುತ್ತದೆ. ಗಿಟಾರಿನ ಗಾ ಅದಕ್ಕಿಂತ ತುಸು ಮೇಲೆ ಇರುತ್ತದೆ. ಒಂದು ಫ್ರೆಟ್ಟಿನ ಅಂತರವನ್ನು 100 ಭಾಗ ಮಾಡಿದರೆ ಸುಮಾರು 14 ಭಾಗ ಮೇಲೆ. ಯಾಕೆಂದರೆ ಸಿತಾರಿನ ಪರದೆಯನ್ನು, ಅಂದರೆ ಅದರ ಫ್ರೆಟ್ಟನ್ನು, ರಾಗಕ್ಕೆ ತಕ್ಕಂತೆ ಸರಿಸಬಹುದು, ಗಿಟಾರಿನ ಫ್ರೆಟ್ ಜಡಿದು ಕೂತಿದೆ. ಒಂದೇ ಬಿ ತಂತಿ ಜಿ ಕಾರ್ಡಿನಲ್ಲಿ ಗಾ ಆಗಬೇಕು, ಇ ಮೈನರಿನಲ್ಲಿ ಪಾ ಆಗಬೇಕು. ಎರಡಕ್ಕೂ ನಡೆಯುವಂತೆ ರಾಜಿ ಮಾಡಿ ಇಟ್ಟಿದ್ದಾರೆ.

"ನಮ್ಮ ಪೇಟಿದೂ ಇದೇ ಕಥಿ," ಅಂದರು. ಪೇಟಿ ಎಂದರೆ ಹಾರ್ಮೋನಿಯಂ. ನಮ್ಮ ಸ್ವರಗಳಿಗೆ ಹೊಂದುವುದಿಲ್ಲ ಎಂಬ ವಾದ ಜೋರಾಗಿ, 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಪೇಟಿಯನ್ನು ನಿಷೇಧಿಸಿತ್ತು. ಸಡಿಲಿಸಿದ್ದು 1970ರ ದಶಕದಲ್ಲಿ. ಹಾಗಾಗಿ ನಮ್ಮ ಕಡೆ ಭಜನೆ, ಸಂಗೀತ ಕೇಳುತ್ತಾ ಬೆಳೆದವರಿಗೆ ನನ್ನ ಸಲಹೆ ಒಂದೇ. ಯಾವುದೋ ಒಂದು ಕಾರ್ಡ್ ಸಿಹಿಯಾಗಲಿ ಎಂದು ತಂತಿ ಸೇರಿಸಬೇಡಿ. ಒಂದೊಂದೇ ತಂತಿಯನ್ನು ಬೇರೆಯಾಗಿ ಸೇರಿಸಿ, ಆಮೇಲೆ ಕೈ ಬಿಡಿ. ನಿಮ್ಮ ಕಿವಿ ತಪ್ಪಲ್ಲ, ವಾದ್ಯವೂ ತಪ್ಪಲ್ಲ.

ಒತ್ತುವ ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಇದು ಮಾಡಿದರೆ ತಾನೇ ತಿಳಿಯುತ್ತದೆ. ಎರಡು ಫ್ರೆಟ್ಟಿನ ನಡುವೆ ಒತ್ತಿ ನೋಡಿ, ಆಮೇಲೆ ಮುಂದಿನ ಫ್ರೆಟ್ಟಿಗೆ ತಾಗುವ ಹಾಗೆ ಅದರ ಹಿಂದೆಯೇ ಒತ್ತಿ ನೋಡಿ. ಅರ್ಧ ಬಲಕ್ಕೇ ಸ್ವರ ಸ್ಪಷ್ಟ. ಎಡಗೈ ಉಗುರು ಪೂರ್ತಿ ಕತ್ತರಿಸಿರಬೇಕು. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಬಲಗೈಯ ಗಾಜಿನ ಬಳೆ ಡಬ್ಬಿಗೆ ತಾಗಿ ಸದ್ದು ಮಾಡುತ್ತದೆ, ಪಾಲಿಶ್ ಕೂಡ ಗೀರುತ್ತದೆ. ನಾನು ಬಳೆಗಳನ್ನು ಮೇಲೆ ಸರಿಸಿ ಅರ್ಧ ತೋಳಿನವರೆಗೆ ಬರುವ ಹತ್ತಿ ಪಟ್ಟಿ ಹಾಕಿಕೊಳ್ಳುತ್ತೇನೆ.

ನೋವು? ಸರಿಯಾಗಿ ಹೊಂದಿಸಿದ ಗಿಟಾರಿನಲ್ಲೂ ಎರಡು ಮೂರು ವಾರ ಇರುತ್ತದೆ. ಒಮ್ಮೆಗೆ ಒಂದು ತಾಸು ಕೂರುವ ಬದಲು ಹದಿನೈದು ನಿಮಿಷದಂತೆ ದಿನಕ್ಕೆ ಎರಡು ಸಲ ಕೂತೆ. ಬೆಳಿಗ್ಗೆ ಕುಕ್ಕರ್ ಇಟ್ಟು ಒಮ್ಮೆ, ರಾತ್ರಿ ಊಟ ಆದ ಮೇಲೆ ಒಮ್ಮೆ. ಪಾತ್ರೆ ತೊಳೆದ ಒದ್ದೆ ಕೈಯಲ್ಲಿ ಮಾತ್ರ ನುಡಿಸಬೇಡಿ, ನೆಂದ ಚರ್ಮ ಸುಲಿಯುತ್ತದೆ. ಗಿಟಾರ್ ಚೀಲದಲ್ಲಿ ಇಡದೆ ಹಜಾರದ ಮೂಲೆಯಲ್ಲಿ ಸ್ಟ್ಯಾಂಡಿಗೆ ನಿಲ್ಲಿಸಿದ್ದೂ ದೊಡ್ಡ ಉಪಕಾರ ಮಾಡಿತು. ಕಣ್ಣಿಗೆ ಬಿದ್ದರೆ ಕೈ ಹೋಗುತ್ತದೆ.

ಕಾರ್ಡ್ ಹಿಡಿಯುವುದು ಕಲಿಕೆಯಲ್ಲಿ ಕಾಲು ಭಾಗ. ಒಂದರಿಂದ ಇನ್ನೊಂದಕ್ಕೆ ಹೋಗುವುದೇ ಮುಖ್ಯ. ನಾನು ಎ ಮೈನರ್ ಮತ್ತು ಸಿ ಜೋಡಿಯಿಂದ ಶುರು ಮಾಡಿದೆ. ಎರಡರಲ್ಲೂ ತೋರುಬೆರಳು, ನಡುಬೆರಳು ಇದ್ದಲ್ಲೇ ಇರುತ್ತವೆ. ಉಂಗುರದ ಬೆರಳು ಮಾತ್ರ ಮೂರನೇ ತಂತಿಯಿಂದ ಐದನೇ ತಂತಿಗೆ ಹಾರಬೇಕು. ಮೊದಲ ವಾರ ಒಂದು ನಿಮಿಷಕ್ಕೆ 9 ಸಲ ಬದಲಿಸಲು ಆಯಿತು. ಕ್ಯಾಲೆಂಡರಿನ ಮೇಲೆ ದಿನಾ ಬರೆದಿಟ್ಟೆ. ಆರನೇ ವಾರಕ್ಕೆ 34. ವೇಗಕ್ಕೆಂದು ಓಡಬೇಡಿ. ಬೆರಳನ್ನು ತಂತಿಯಿಂದ ಎಷ್ಟು ಕಡಿಮೆ ಎತ್ತುತ್ತೀರಿ ಎಂಬುದನ್ನಷ್ಟೇ ನೋಡಿ. ಒಂದೇ ಬೆರಳಲ್ಲಿ ಹಲವು ತಂತಿ ಒತ್ತಬೇಕಾದ ಎಫ್ ಕಾರ್ಡನ್ನು ಮೊದಲ ಮೂರು ತಿಂಗಳು ನಾನು ಮುಟ್ಟಲೇ ಇಲ್ಲ, ಅದರಿಂದ ಏನೂ ನಷ್ಟವಾಗಲಿಲ್ಲ. ಇ ಮೈನರ್, ಜಿ, ಸಿ, ಡಿ, ಎ ಮೈನರ್ ಇದ್ದರೆ ಎಷ್ಟೋ ಹಾಡು ನಡೆಯುತ್ತವೆ.

ಬಲಗೈಗೆ ನನ್ನ ಗುರು ತಬಲಾ. ಮೊಬೈಲ್ ಪಾಠದಲ್ಲಿ ಬರುವ "ಕೆಳಗೆ, ಕೆಳಗೆ ಮೇಲೆ, ಮೇಲೆ ಕೆಳಗೆ ಮೇಲೆ" ಎಂಬ ಮೀಟುವ ಕ್ರಮ ನನಗೆ ತಲೆಗೆ ಹತ್ತುತ್ತಿರಲಿಲ್ಲ. ಎಂಟು ಮಾತ್ರೆಯ ಕೆಹರವಾ ತಾಳಕ್ಕೆ ಇಟ್ಟು ನೋಡಿದಾಗ ತಟ್ಟನೆ ತಿಳಿಯಿತು. ಒಂದು, ಮೂರು, ಐದು, ಏಳನೇ ಮಾತ್ರೆಗೆ ಕೈ ಕೆಳಗೆ ಹೋಗುತ್ತದೆ, ಎರಡು, ನಾಲ್ಕು, ಆರು, ಎಂಟಕ್ಕೆ ಮೇಲೆ ಬರುತ್ತದೆ. ಕೈ ನಿಲ್ಲುವುದೇ ಇಲ್ಲ. ಎರಡನೇ ಮತ್ತು ಐದನೇ ಮಾತ್ರೆಗೆ ತಂತಿ ತಾಗಿಸದೆ ಗಾಳಿಯಲ್ಲಿ ಬಿಡಬೇಕು, ಅಷ್ಟೇ. ಮೊಬೈಲಿನಲ್ಲಿ ಕೆಹರವಾ ಠೇಕಾ ನಿಧಾನ ಲಯದಲ್ಲಿ ಹಾಕಿಕೊಂಡು, ಎಡಗೈಯಿಂದ ತಂತಿಗಳನ್ನು ಮೆಲ್ಲಗೆ ಮುಚ್ಚಿ ಬರೀ ಬಲಗೈ ಮಾಡಿ. ಹತ್ತು ದಿನ ಸಾಕು.

ಹಾಡಿನ ಜೊತೆ ನುಡಿಸುವಾಗ ಕ್ಯಾಪೋ, ಅಂದರೆ ಕುತ್ತಿಗೆಗೆ ಕಚ್ಚಿಸಿ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತುವ ಕ್ಲಿಪ್ ಬೇಕು. ನನ್ನ ಸಾ ಪೇಟಿಯ ಕಾಳಿ ಚಾರ್, ಅಂದರೆ ನಾಲ್ಕನೇ ಕಪ್ಪು ಮನೆ. ಕ್ಯಾಪೋವನ್ನು ಮೊದಲ ಫ್ರೆಟ್ಟಿಗೆ ಹಾಕಿ ಜಿ ಕಾರ್ಡಿನ ಆಕಾರ ಹಿಡಿದರೆ ಅದೇ ಕಾಳಿ ಚಾರ್. ಕಾಳಿ ಪಾಂಚ್ ಬೇಕಾದವರು ಮೂರನೇ ಫ್ರೆಟ್ಟಿಗೆ ಹಾಕಿ. ಬೇರೆಯವರ ಸ್ವರಕ್ಕೆ ಗಂಟಲು ಎಳೆಯುವ ಬದಲು ಗಿಟಾರನ್ನು ನಿಮ್ಮ ಗಂಟಲಿಗೆ ತನ್ನಿ.

ಧಾರವಾಡದ ಮಳೆಗಾಲಕ್ಕೆ ಎಚ್ಚರಿಕೆ ಬೇಕು. ಜುಲೈಯಲ್ಲಿ ಗೋಡೆ ತಂಪು ಹೊಡೆದಾಗ ನನ್ನ ಗಿಟಾರಿನ ಮುಖ ಸ್ವಲ್ಪ ಉಬ್ಬಿ ತಂತಿ ಮತ್ತೆ ಮೇಲೆ ಬಂತು. ಈಗ ಆ ಎರಡು ತಿಂಗಳು ಹೊರಗಿನ ಗೋಡೆಯಿಂದ ದೂರ, ಚೀಲದಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡುತ್ತೇನೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿಯ ಕೆಳಗೂ ಒರೆಸುತ್ತೇನೆ, ಇಲ್ಲದಿದ್ದರೆ ತಿಂಗಳೊಳಗೆ ತುಕ್ಕು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಸೇತುವೆಯ ಅಂಟು ಬಿಡುತ್ತದೆ.

ತಂತಿ ಬದಲಿಸುವುದನ್ನು ಈಗ ನಾನೇ ಮಾಡುತ್ತೇನೆ, ಒಂದೊಂದಾಗಿ. ಹೊಸ ತಂತಿ ಎರಡು ದಿನ ಹಿಗ್ಗುತ್ತಲೇ ಇರುತ್ತದೆ. ಬೆರಳಿನಿಂದ ಮೆಲ್ಲಗೆ ಎಳೆದು ಮತ್ತೆ ಸೇರಿಸಬೇಕು, ನಾಲ್ಕೈದು ಸಲ. ಹೋದ ತಿಂಗಳು ಹೊಸ ಸೆಟ್ ಹಾಕಿ ಕಟ್ಟೆಯ ಮೇಲೆ ಕೂತು ನುಡಿಸುತ್ತಿದ್ದೆ. ಗೋಡೆಯ ಆಚೆಯಿಂದ ಮಾಸ್ತರ ದನಿ ಬಂತು.

"ತಂಗೀ, ಎರಡನೇ ತಂತಿ ಇಳದದ."

"ಗೊತ್ತದ ರೀ ಮಾಸ್ತರ್, ಅದನ್ನs ಏರಸ್ಲಿಕತ್ತೀನಿ," ಅಂದೆ.